ನನ್ನ ಪದಗಳ ಹುಚ್ಚು

ಲೋಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಅಂಚೆಚೀಟಿಗಳನ್ನು ಕೂಡಿಡುವವರುಂಟು, ಹಳೆಯ ನಾಣ್ಯಗಳನ್ನು ಕೂಡಿಡುವವರುಂಟು, ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಟ್ಟು, ಮನೆಗೆ ಬಂದ ನೆಂಟರಿಗೆಲ್ಲ ಅವನ್ನು ತೋರಿಸಿ, ನೆಂಟರ ಸಂಖ್ಯೆಯನ್ನು ಕಡಿಮೆ ಮಾಡಿಕೊಂಡವರೂ ಉಂಟು. ನನ್ನ ಹುಚ್ಚು ಇವೆಲ್ಲಕ್ಕಿಂತ ಅಗ್ಗವಾದುದು. ಹೆಚ್ಚು ಜಾಗವನ್ನೂ ಬೇಡದು. ನಾನು ಇಂಗ್ಲಿಷ್ ಭಾಷೆಯ ಅಪರೂಪದ ಪದಗಳನ್ನು ಕೂಡಿಡುತ್ತೇನೆ. ಈವರೆಗೆ ಹನ್ನೊಂದು ನೋಟುಪುಸ್ತಕಗಳು ತುಂಬಿವೆ.

ಈ ವಿಷಯದಲ್ಲಿ ನನ್ನಾಕೆಯ ಅಭಿಪ್ರಾಯವನ್ನೂ ಇಲ್ಲಿಯೇ ಹೇಳಿಬಿಡುವುದು ನ್ಯಾಯ. “ಬೇರೆಯವರ ಗಂಡಂದಿರು ಹೊರಗೆ ಹೋದರೆ ಬರುವಾಗ ಹೂವೋ ಹಣ್ಣೋ ತರ್ತಾರೆ. ನಮ್ಮನೆಯವರು ಒಂದು ಪದ ತರ್ತಾರೆ. ಅದನ್ನ ಸಾರಿಗೆ ಹಾಕೋ ಹಾಗೂ ಇಲ್ಲ, ತಲೆಗೆ ಮುಡಿಯೋ ಹಾಗೂ ಇಲ್ಲ.” ಇದಕ್ಕೆ ನಾನು ಬಹುಕಾಲ ಉತ್ತರ ಹೇಳಲಾರದೆ ಹೋದೆ. ಈಗಲೂ ಪೂರ್ತಿಯಾಗಿ ಹೇಳಬಲ್ಲೆನೆಂಬ ಧೈರ್ಯವಿಲ್ಲ. ಆದರೂ ಪ್ರಯತ್ನಿಸಿ ನೋಡುತ್ತೇನೆ.

ವೃತ್ತಿಯಲ್ಲಿ ನಾನು ಸಾಫ್ಟ್‌ವೇರ್ ಎಂಜಿನಿಯರು. ಹುಟ್ಟಿದ್ದು ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ; ಅನ್ನದ ಋಣ ಕರೆತಂದದ್ದು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನಕ್ಕೆ. ಅಡಕೆತೋಟದ ಅಂಚಿನಿಂದ ಹೊರಟವನು ಇಂಗ್ಲಿಷ್ ನಿಘಂಟಿನ ಮೂಲೆಗಳಲ್ಲಿ ಅಲೆಯುವಂತಾದುದು ಹೇಗೆಂದು ಓದುಗರು ಕೇಳಬಹುದು. ಅದರ ಬೀಜವನ್ನು ಬಿತ್ತಿದವರು ನಮ್ಮ ಅಪ್ಪಯ್ಯ.

ಅಪ್ಪಯ್ಯ ಪ್ರಾಥಮಿಕ ಶಾಲೆಯ ಮೇಷ್ಟರು. ಮನೆಯಲ್ಲಿದ್ದ ಪುಸ್ತಕಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದು ಒಂದು ಇಂಗ್ಲಿಷ್-ಕನ್ನಡ ನಿಘಂಟು. ಅದರ ಮೊದಲ ಹಾಳೆಗಳು ಗೆದ್ದಲಿನ ಪಾಲಾಗಿದ್ದುದರಿಂದ ನಮ್ಮ ಮನೆಯ ಮಟ್ಟಿಗೆ ಇಂಗ್ಲಿಷ್ ಭಾಷೆಯು ‘ಸಿ’ ಅಕ್ಷರದಿಂದ ಆರಂಭವಾಗುತ್ತಿತ್ತು. ‘ಎ’ ಮತ್ತು ‘ಬಿ’ ಅಕ್ಷರಗಳ ಪದ ಬೇಕಾದರೆ ಅಪ್ಪಯ್ಯನನ್ನೇ ಕೇಳಬೇಕು. ಸಂಜೆ ದೀಪ ಹಚ್ಚಿದ ಮೇಲೆ ಅವರು ನಿಘಂಟನ್ನು ಕಣ್ಣು ಮುಚ್ಚಿ ತೆರೆದು, ಬೆರಳು ಬಿದ್ದ ಕಡೆಯ ಪದವನ್ನು ಗಟ್ಟಿಯಾಗಿ ಓದಿ, ಅರ್ಥ ಹೇಳಿ, ನನ್ನಿಂದ ಬರೆಯಿಸುತ್ತಿದ್ದರು. “ದಿನಕ್ಕೆ ಒಂದೇ ಪದ, ಮಗು. ವರ್ಷಕ್ಕೆ ಮುನ್ನೂರ ಅರವತ್ತೈದು. ಬಡ್ಡಿ ಬೇರೆ” ಎನ್ನುತ್ತಿದ್ದರು. ಪದಕ್ಕೆ ಬಡ್ಡಿ ಹೇಗೆ ಬರುವುದೆಂದು ನಾನು ಕೇಳಲಿಲ್ಲ; ಅವರೂ ಹೇಳಲಿಲ್ಲ.

೧೯೯೮ರಲ್ಲಿ ನಾನು ಹಾರ್ಟ್‌ಫರ್ಡ್ ನಗರಕ್ಕೆ ಬಂದೆ. ಅದು ವಿಮಾ ಕಂಪನಿಗಳ ಊರು. ಅವುಗಳ ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದಿಡುವ ಪದ್ಧತಿಯಿತ್ತು. ಎರಡು ಸಾವಿರದ ಇಸವಿ ಬಂದಾಗ ಯಂತ್ರವು ಎರಡು ಸೊನ್ನೆಗಳನ್ನು ಕಂಡು ೧೯೦೦ ಎಂದು ತಿಳಿದುಬಿಟ್ಟರೆ, ಇನ್ನೂ ಹುಟ್ಟದವರು ವಿಮೆ ಮಾಡಿಸಿದಂತಾಗುತ್ತಿತ್ತು! ಆ ತೊಡಕನ್ನು ಬಿಡಿಸಲು ನಮ್ಮ ದೇಶದಿಂದ ಹೋದ ಸಾವಿರಾರು ತರುಣರಲ್ಲಿ ನಾನೂ ಒಬ್ಬ. ಪ್ರೋಗ್ರಾಮುಗಳ ಭಾಷೆ ನನಗೆ ಚೆನ್ನಾಗಿ ಬರುತ್ತಿತ್ತು. ಬಾರದೆ ಹೋದುದು ಮನುಷ್ಯರ ಭಾಷೆ.

ಬಂದ ಹತ್ತನೆಯ ದಿನ ಮೇಲಧಿಕಾರಿ ನನ್ನ ಮೇಜಿನ ಬಳಿ ನಿಂತು, ಕೆಲಸಕ್ಕೆ ಎಷ್ಟು ದಿನ ಹಿಡಿಯಬಹುದೆಂಬುದಕ್ಕೆ ಒಂದು ‘ಬಾಲ್‌ಪಾರ್ಕ್’ ಲೆಕ್ಕ ಕೊಡು ಎಂದರು. ನಾನು ತಲೆಯಾಡಿಸಿ, ಅವರು ಹೋದ ಮೇಲೆ ಊರಿನ ನಕ್ಷೆಯಲ್ಲಿ ಆಟದ ಮೈದಾನವೆಲ್ಲಿದೆಯೆಂದು ಹುಡುಕಿದೆ. ಅಂದಾಜು ಲೆಕ್ಕಕ್ಕೆ ಅಲ್ಲಿ ಹಾಗೆ ಹೇಳುತ್ತಾರೆಂಬುದು ಎರಡು ದಿನ ಕಳೆದ ಮೇಲೆ ತಿಳಿಯಿತು. ಮತ್ತೊಬ್ಬ ಮಿತ್ರನನ್ನು ಊಟಕ್ಕೆ ಕರೆದಾಗ ಆತ ‘ರೈನ್ ಚೆಕ್’ ತೆಗೆದುಕೊಳ್ಳುತ್ತೇನೆಂದ. ಮಳೆಗಾಲದಲ್ಲಿ ಕಂಪನಿಯವರು ಏನೋ ಚೆಕ್ಕು ಹಂಚುತ್ತಾರೆಂದು ತಿಳಿದು ನಾನು ಒಂದು ವಾರ ಕಾದೆ! ಮಳೆಯಿಂದ ಬೇಸ್‌ಬಾಲ್ ಪಂದ್ಯ ನಿಂತುಹೋದರೆ ಇನ್ನೊಂದು ದಿನ ಬರಲು ಕೊಡುತ್ತಿದ್ದ ಚೀಟಿಯ ಹೆಸರಂತೆ ಅದು. ‘ಈಗ ಬೇಡ, ಮುಂದೊಮ್ಮೆ ಬರುತ್ತೇನೆ’ ಎಂಬುದು ಅದರ ಭಾವ.

ಇವು ನಗುವ ಸಂಗತಿಗಳೇ ಸರಿ. ಆದರೆ ದಿನವೂ ನಗೆಗೆ ಗುರಿಯಾಗುವವನಿಗೆ ನಗು ಬರುವುದಿಲ್ಲ. ಊಟದ ಹೊತ್ತಿನಲ್ಲಿ ಹತ್ತು ಮಂದಿ ಕಲೆತು ಮಾತನಾಡುವಾಗ ಪ್ರತಿಯೊಂದು ಪದವೂ ನನಗೆ ಗೊತ್ತಿರುತ್ತಿತ್ತು. ಮಾತು ಮಾತ್ರ ಗೊತ್ತಾಗುತ್ತಿರಲಿಲ್ಲ. ಎಲ್ಲರೂ ನಕ್ಕ ಮೇಲೆ ಅರೆಗಳಿಗೆ ತಡೆದು ನಾನೂ ನಗುತ್ತಿದ್ದೆ. ಆ ಅರೆಗಳಿಗೆಯೇ ಸ್ವದೇಶಕ್ಕೂ ಪರದೇಶಕ್ಕೂ ಇರುವ ಅಂತರ.

ಹೀಗಿರುವಾಗ ಒಂದು ಶನಿವಾರ ಪಕ್ಕದ ವೆಸ್ಟ್ ಹಾರ್ಟ್‌ಫರ್ಡಿನ ಸಾರ್ವಜನಿಕ ಪುಸ್ತಕಾಲಯಕ್ಕೆ ಹೋದೆ. ಆ ಪುಸ್ತಕಾಲಯಕ್ಕೆ ನೋವಾ ವೆಬ್‌ಸ್ಟರ್ ಎಂಬವನ ಹೆಸರಿದೆ. ಅಮೆರಿಕದ ಇಂಗ್ಲಿಷಿಗೆ ನಿಘಂಟು ಬರೆದ ಮಹಾಶಯನು ೧೭೫೮ರಲ್ಲಿ ಹುಟ್ಟಿದುದು ಆ ಊರಿನಲ್ಲಿಯೇ. ಅವನು ಹುಟ್ಟಿದ ಮನೆಯನ್ನು ಈಗಲೂ ಕಾಪಾಡಿಟ್ಟಿದ್ದಾರೆ. ಅವನ ದೊಡ್ಡ ನಿಘಂಟು ಹೊರಬಂದಾಗ, ೧೮೨೮ರಲ್ಲಿ, ಅವನಿಗೆ ಎಪ್ಪತ್ತು ವರ್ಷ. ನಿಘಂಟಿನಲ್ಲಿದ್ದುದು ಸುಮಾರು ಎಪ್ಪತ್ತು ಸಾವಿರ ಪದ. ವರ್ಷಕ್ಕೆ ಸಾವಿರ ಪದದಂತೆ ಬದುಕಿದ ಮನುಷ್ಯ! ಅವನ ವಂಶದ್ದೇ ಆದ ೧೯೬೧ರ ನಿಘಂಟು, ನಾಲ್ಕೂವರೆ ಲಕ್ಷಕ್ಕೂ ಮಿಕ್ಕ ಪದಗಳುಳ್ಳದ್ದು, ಒಂದು ಪೀಠದ ಮೇಲೆ ತೆರೆದುಕೊಂಡು ಕುಳಿತಿತ್ತು. ನಮ್ಮೂರಿನ ದೇವಸ್ಥಾನದಲ್ಲಿ ವ್ಯಾಸಪೀಠದ ಮೇಲೆ ಭಾರತವನ್ನು ಇಟ್ಟಂತೆ ಕಂಡಿತು. ಅಪ್ಪಯ್ಯನಂತೆ ಕಣ್ಣು ಮುಚ್ಚಿ ಬೆರಳಿಟ್ಟೆ. ಬೆರಳಿಗೆ ಸಿಕ್ಕಿದ ಪದ ‘ಜಾರ್ಫ್’. ಹಿಡಿಯಿಲ್ಲದ ಕಾಫಿ ಬಟ್ಟಲನ್ನು ಕೈ ಸುಡದಂತೆ ಹಿಡಿಯಲು ಅರಬ್ಬೀ ದೇಶಗಳ ಕಡೆ ಬಳಸುವ ಹೊರಗವಚಕ್ಕೆ ಆ ಹೆಸರು. ಕಾಗದದ ಲೋಟಕ್ಕೆ ನಾವು ಸುತ್ತಿಕೊಳ್ಳುವ ರಟ್ಟಿನ ಪಟ್ಟಿಗೆ ಇಂತಹ ಘನವಾದ ಪೂರ್ವಜನಿರುವನೆಂದು ನಾನು ಅರಿತಿರಲಿಲ್ಲ.

ಪಕ್ಕದ ಮೇಜಿನಲ್ಲಿ ಒಬ್ಬ ಬಿಳಿಗೂದಲಿನ ಹೆಂಗಸು ಪದಬಂಧ ಬಿಡಿಸುತ್ತಿದ್ದರು. ಇಷ್ಟುದ್ದದ ಪೆನ್ಸಿಲು, ಮೂಗಿನ ತುದಿಗಿಳಿದ ಕನ್ನಡಕ. ನನ್ನನ್ನು ನೋಡಿ, “‘ಪೂರ್ವದೇಶದ ಬಟ್ಟಲಿನ ಅಂಗಿ’ ಎಂದರೆ ಏನಿರಬಹುದು? ನಾಲ್ಕಕ್ಷರ” ಎಂದರು. ನನ್ನ ಆಶ್ಚರ್ಯವನ್ನು ಏನೆಂದು ಹೇಳಲಿ! ಹೇಳಿದೆ. ಅವರು ನಂಬಲಿಲ್ಲ. ಎದ್ದು ಬಂದು, ನಿಘಂಟನ್ನು ನೋಡಿ, ಕನ್ನಡಕವನ್ನು ತೆಗೆದು ಒರೆಸಿ, ಮತ್ತೆ ನೋಡಿದರು. ಮೂವತ್ತೈದು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು ಅವರು. ಹುಟ್ಟಿದಂದಿನಿಂದ ಆ ಭಾಷೆಯಲ್ಲಿಯೇ ಅತ್ತವರು, ನಕ್ಕವರು. ಆದರೂ ಈ ಪದದ ಮುಂದೆ ಅವರೂ ನಾನೂ ಒಂದೇ ಬಾಗಿಲಿನಲ್ಲಿ ನಿಂತಿದ್ದೆವು.

ಅಂದು ನನಗೊಂದು ಸತ್ಯ ಹೊಳೆಯಿತು. ಸಾಮಾನ್ಯವಾದ ಪದಗಳಿಗೆ ಒಡೆಯರಿದ್ದಾರೆ. ಅವು ತೊಟ್ಟಿಲಿನಿಂದ ಬಂದವು. ಆ ತೊಟ್ಟಿಲಿನಲ್ಲಿ ಮಲಗದವನು ಎಷ್ಟು ಕಲಿತರೂ ಬಾಡಿಗೆದಾರನೇ. ಅಪರೂಪದ ಪದಕ್ಕೆ ಒಡೆಯನಿಲ್ಲ. ಅದರ ಮುಂದೆ ಹಾರ್ಟ್‌ಫರ್ಡಿನಲ್ಲಿ ಹುಟ್ಟಿದವನೂ ತೀರ್ಥಹಳ್ಳಿಯವನೂ ಸಮಾನರು. ಇಬ್ಬರೂ ನಿಘಂಟಿಗೆ ತಲೆಬಾಗಬೇಕು. ನನ್ನ ಹುಚ್ಚಿನ ಮೂಲ ಇದೇ. ಅದನ್ನು ಜ್ಞಾನದಾಹವೆಂದು ಕರೆದುಕೊಳ್ಳುವ ಆಸೆ ನನಗಿದ್ದಿತು; ನಿಜವಾಗಿ ಅದು ಅಭಿಮಾನಭಂಗಕ್ಕೆ ಕಂಡುಕೊಂಡ ಮದ್ದು.

ಆ ಹಿರಿಯರ ಮನೆ ನಮ್ಮ ಬೀದಿಯಲ್ಲಿಯೇ, ನಾಲ್ಕು ಮನೆಗಳಾಚೆ ಇದ್ದಿತು. ಹೆಸರು ಹಿಡಿದು ಕರೆಯೆಂದು ಅವರು ಎಷ್ಟು ಹೇಳಿದರೂ, ತಾಯಿಯ ವಯಸ್ಸಿನವರ ಹೆಸರು ಹಿಡಿಯಲು ನಾಲಿಗೆ ಏಳದೆ, ನಾನು ‘ಟೀಚರ್’ ಎಂದೇ ಕರೆದೆ. ಮುಂದೆ ಹುಟ್ಟಿದ ನನ್ನ ಮಗಳು ಅವರಿಗೆ ‘ಪದದಜ್ಜಿ’ ಎಂದು ಹೆಸರಿಟ್ಟಳು. ಅರ್ಥ ತಿಳಿದ ಮೇಲೆ ಅವರಿಗೆ ಆ ಹೆಸರೇ ಹಿಡಿಸಿತು. ಪ್ರತಿ ಶನಿವಾರ ನಾನೊಂದು ಪದ, ಅವರೊಂದು ಪದ. ನಡುವೆ ನನ್ನಾಕೆಯ ಕಾಫಿ. ಹದಿನೈದು ವರ್ಷ ಈ ವ್ರತ ನಡೆಯಿತು.

ಆ ಶನಿವಾರಗಳಲ್ಲಿ ದೊರೆತ ಒಂದೆರಡು ಸರಕನ್ನು ಓದುಗರ ಮುಂದಿಡುತ್ತೇನೆ. ಹಸಿದ ಹೊಟ್ಟೆ ಗುರುಗುಟ್ಟುವುದಕ್ಕೆ ಇಂಗ್ಲಿಷಿನಲ್ಲಿ ‘ಬಾರ್ಬರಿಗ್ಮಸ್’ ಎಂಬ ಪದವಿದೆ. ಗ್ರೀಕರಿಂದ ಬಂದದ್ದಂತೆ. ಹೇಳಿ ನೋಡಿರಿ, ಬಾಯಿಯಲ್ಲಿಯೇ ಹೊಟ್ಟೆ ಗುರುಗುಟ್ಟಿದಂತಾಗುತ್ತದೆ. ‘ಅವಂಕ್ಯುಲರ್’ ಎಂಬುದು ಇನ್ನೊಂದು. ಇಂಗ್ಲಿಷಿನಲ್ಲಿ ‘ಅಂಕಲ್’ ಎಂದರೆ ದೊಡ್ಡಪ್ಪನೂ ಹೌದು, ಚಿಕ್ಕಪ್ಪನೂ ಹೌದು, ಮಾವನೂ ಹೌದು. ಒಂದೇ ಅಂಗಿಯನ್ನು ಎಲ್ಲರಿಗೂ ತೊಡಿಸಿದ್ದಾರೆ. ಆದರೆ ಆ ಪದದ ಮೂಲವಾದ ಲ್ಯಾಟಿನ್ ಶಬ್ದಕ್ಕೆ ತಾಯಿಯ ಸಹೋದರನೆಂದೇ ಅರ್ಥ. ಅಚ್ಚ ಸೋದರಮಾವ! ತಂದೆಯ ಸಹೋದರನಿಗೆ ರೋಮನರಲ್ಲಿ ಬೇರೆಯ ಶಬ್ದವಿತ್ತು. ಈ ಸಂಗತಿಯನ್ನು ಕೇಳಿ ನನ್ನಾಕೆಗೆ ಮೊದಲ ಬಾರಿಗೆ ರೋಮನರ ಮೇಲೆ ಗೌರವ ಹುಟ್ಟಿತು.

‘ಡೀಸಿಲ್’ ಎಂಬ ಪದವನ್ನು ನಾನು ತಂದಾಗ ಟೀಚರು ಲಾರಿಗೆ ಹಾಕುವ ಎಣ್ಣೆಯೆಂದೇ ತಿಳಿದರು. ಅದು ಸ್ಕಾಟ್‌ಲೆಂಡಿನ ಗೇಲಿಕ್ ಭಾಷೆಯಿಂದ ಬಂದ ಪದ. ಸೂರ್ಯನು ಚಲಿಸುವ ದಿಕ್ಕಿನಲ್ಲಿ, ಬಲಗಡೆಗೆ, ಸುತ್ತುವುದು ಎಂದರ್ಥ. ಎಂದರೆ ನಮ್ಮ ಪ್ರದಕ್ಷಿಣೆ. ಸೋಜಿಗವೇನೆಂದರೆ ಆ ಗೇಲಿಕ್ ಮೂಲಪದಕ್ಕೆ ಬಲ ಎಂಬ ಅರ್ಥವೂ ಉಂಟು, ತೆಂಕಣ ದಿಕ್ಕು ಎಂಬ ಅರ್ಥವೂ ಉಂಟು. ಸಂಸ್ಕೃತದ ‘ದಕ್ಷಿಣ’ಕ್ಕೂ ಇದೇ ಎರಡು ಅರ್ಥ. ಎರಡೂ ಒಂದೇ ಬೇರಿನ ಚಿಗುರುಗಳು. ಮೂಡಣಕ್ಕೆ ಮುಖ ಮಾಡಿ ನಿಂತವನ ಬಲಗೈ ತೆಂಕಣಕ್ಕೆ ಇರುವುದಷ್ಟೆ! ಹಿಮ ಬೀಳುತ್ತಿದ್ದ ಆ ಸಂಜೆ ಟೀಚರು ತಮ್ಮ ಊಟದ ಮೇಜಿಗೆ ಒಂದು ಪ್ರದಕ್ಷಿಣೆ ಬಂದೇಬಿಟ್ಟರು.

ಎಲ್ಲಕ್ಕಿಂತ ಅವರಿಗೆ ಮೆಚ್ಚಿಗೆಯಾದುದು ‘ಓವರ್‌ಮಾರೋ’. ನಾಳೆಯ ಮರುದಿನಕ್ಕೆ ಹದಿನಾರನೆಯ ಶತಮಾನದ ಇಂಗ್ಲಿಷಿನಲ್ಲಿದ್ದ ಪದವಿದು. ಕಾಲಾನಂತರದಲ್ಲಿ ಬಳಕೆ ತಪ್ಪಿ ಸತ್ತುಹೋಯಿತು. ಈಗ ಅವರು ‘ನಾಳೆಯ ನಂತರದ ದಿನ’ ಎಂದು ಸುತ್ತಿ ಬಳಸಿ ಹೇಳಬೇಕು. “ನಮ್ಮಲ್ಲಿ ಎಮ್ಮೆ ಕಾಯುವ ಹುಡುಗನೂ ಇದನ್ನು ಒಂದೇ ಪದದಲ್ಲಿ ಹೇಳುತ್ತಾನೆ” ಎಂದೆ. “ಏನೆಂದು?” “ನಾಡಿದ್ದು.” ಅವರು ನಾಲ್ಕು ಬಾರಿ ಪ್ರಯತ್ನಿಸಿ, ‘ನಾಡಿಡು’ ಎಂಬಲ್ಲಿಗೆ ಬಂದು ನಿಂತರು. ಅಂದಿನಿಂದ, ಸೋಮವಾರವಾಗಲಿ ಗುರುವಾರವಾಗಲಿ, ಬೀಳ್ಕೊಡುವಾಗಲೆಲ್ಲ ಎರಡು ಬೆರಳೆತ್ತಿ ‘ನಾಡಿಡು’ ಎನ್ನುವುದು ಅವರ ವಾಡಿಕೆಯಾಯಿತು.

ಒಮ್ಮೆ ಅವರಿಗೆ ನಮ್ಮ ಕಿಟ್ಟೆಲ್ ಅವರ ಕಥೆ ಹೇಳಿದೆ. ಜರ್ಮನಿಯ ಪಾದ್ರಿ ಫರ್ಡಿನೆಂಡ್ ಕಿಟ್ಟೆಲ್ ೧೮೫೩ರಲ್ಲಿ ನಮ್ಮ ನಾಡಿಗೆ ಬಂದು, ದಶಕಗಳ ಕಾಲ ಪದ ಪದವನ್ನು ಆಯ್ದು, ೧೮೯೪ರಲ್ಲಿ ಮಂಗಳೂರಿನಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಅದರಲ್ಲಿಯೂ ಎಪ್ಪತ್ತು ಸಾವಿರ ಪದ. ಟೀಚರು ಬಹಳ ಹೊತ್ತು ಸುಮ್ಮನಿದ್ದು, “ಆತನು ಅಪರೂಪದ ಪದಗಳನ್ನಷ್ಟೇ ಆರಿಸಿದನೆ?” ಎಂದು ಕೇಳಿದರು. “ಇಲ್ಲ. ಹಳಗನ್ನಡವೂ ಇದೆ, ದಿನದ ಮಾತೂ ಇದೆ, ಜನರ ಗಾದೆಗಳೂ ಇವೆ” ಎಂದೆ. “ಹಾಗಾದರೆ ಆತನು ನಿನಗಿಂತ ಧೈರ್ಯಶಾಲಿ” ಎಂದರು. ನನಗೆ ಆ ಮಾತಿನ ಅರ್ಥವಾಗಲಿಲ್ಲ. ಅದನ್ನು ಕೇಳದೆ ಕಾಫಿ ಕುಡಿದೆ.

ಅರ್ಥವಾಗುವಂತೆ ಹೇಳಿದವರು ನನ್ನ ಮೇಲಧಿಕಾರಿ. ಕಂಪ್ಯೂಟರಿನ ಪರದೆಯ ಮೇಲೆ ತೆರೆದಿರುವ ಕಿಟಕಿಗಳನ್ನೆಲ್ಲ ಒಮ್ಮೆಗೇ ಮುಚ್ಚುವ ಒಂದು ಪ್ರೋಗ್ರಾಮಿನ ತುಣುಕನ್ನು ನಾನು ಬರೆದಿದ್ದೆ. ಅದಕ್ಕೆ ‘ಡಿಫೆನೆಸ್ಟ್ರೇಟ್’ ಎಂದು ನಾಮಕರಣ ಮಾಡಿದೆ. ಮನುಷ್ಯರನ್ನು ಕಿಟಕಿಯಿಂದ ಹೊರಗೆಸೆಯುವುದೆಂದು ಅದರ ಅರ್ಥ. ೧೬೧೮ರಲ್ಲಿ ಪ್ರಾಗ್ ನಗರದಲ್ಲಿ ಹಾಗೆ ಮೂವರನ್ನು ಎಸೆದರು; ಮೂವರೂ ಬದುಕಿಕೊಂಡರು, ಆದರೆ ಯೂರೋಪಿನಲ್ಲಿ ಮೂವತ್ತು ವರ್ಷ ಯುದ್ಧ ನಡೆಯಿತು. ಇಷ್ಟು ಇತಿಹಾಸವನ್ನು ಒಂದು ಹೆಸರಿನಲ್ಲಿ ತುಂಬಿದೆನೆಂದು ನಾನು ಬೀಗುತ್ತಿದ್ದರೆ ಅವರು ಓದಿ, “ರಾತ್ರಿ ಎರಡು ಗಂಟೆಗೆ ಇದು ಕೆಟ್ಟು ನಿಂತಾಗ ಯಾವನೋ ಒಬ್ಬನು ನಿದ್ದೆಗಣ್ಣಿನಲ್ಲಿ ಎದ್ದು ಬಂದು ಇದನ್ನು ಓದಬೇಕು. ಅವನ ಕೈಗೆ ಒಂದು ನಿಘಂಟನ್ನೂ ಕೊಡುತ್ತೀರೇನು?” ಎಂದರು. ಆ ತುಣುಕಿಗೆ ‘ಎಲ್ಲವನ್ನೂ ಮುಚ್ಚು’ ಎಂಬರ್ಥದ ಮೂರು ಕಾಸಿನ ಹೆಸರು ಬಂದಿತು. ನನಗೆ ಕೋಪವೂ ಬಂದಿತು.

೨೦೦೯ರಲ್ಲಿ ಅಪ್ಪಯ್ಯ ತೀರಿಕೊಂಡರು. ತಂತಿಯಿಲ್ಲದ ಕಾಲ, ಫೋನಿನಲ್ಲಿ ಸುದ್ದಿ ಬಂದು ನಾನು ವಿಮಾನವೇರಿ ಊರು ಸೇರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಹಿಂದಿರುಗಿದ ಮೇಲೆ ಕಚೇರಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಒಂದೇ ಮಾತು ಹೇಳಿದರು: ‘ಸೋ ಸಾರಿ.’ ಕಾಲು ತುಳಿದಾಗಲೂ ಅದೇ ಮಾತು, ತಂದೆ ಸತ್ತಾಗಲೂ ಅದೇ ಮಾತು! ಸವೆದ ನಾಣ್ಯ, ಮುಖವೇ ಕಾಣದು ಎಂದುಕೊಂಡೆ. ಸಂಜೆ ಟೀಚರು ಬಿಸಿಯಾದ ತರಕಾರಿ ಸಾರಿನ ಪಾತ್ರೆಯನ್ನು ಹಿಡಿದು ಬಂದು ಬಾಗಿಲಿನಲ್ಲಿ ನಿಂತರು. ಅವರಾದರೂ ಬೇರೆ ಏನನ್ನಾದರೂ ಹೇಳಿಯಾರೆಂದು ಕಾದೆ. ಅಷ್ಟು ಪದಗಳನ್ನು ಬಲ್ಲ ಅವರು ಹೇಳಿದ್ದೂ ಅದೇ ಎರಡು ಪದ. ನಾನು ಉಪಚಾರಕ್ಕೆ ತಲೆಯಾಡಿಸಿ ಪಾತ್ರೆಯನ್ನು ತೆಗೆದುಕೊಂಡೆ. ಮನಸ್ಸಿನಲ್ಲಿ ನಿರಾಶೆಯಾಯಿತು. ಈಗ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

೨೦೧೬ರ ಫೆಬ್ರವರಿಯ ಒಂದು ದಿನ ಹನ್ನೊಂದು ಗಂಟೆಯಾದರೂ ಅವರ ಬೆಳಗಿನ ಪತ್ರಿಕೆ ಮೆಟ್ಟಿಲ ಮೇಲೆಯೇ ಬಿದ್ದಿತ್ತು. ಪದಬಂಧವಿರುವ ಪತ್ರಿಕೆಯನ್ನು ಅವರು ಅಷ್ಟು ಹೊತ್ತು ಹಿಮದಲ್ಲಿ ಬಿಡುವವರಲ್ಲ. ನಮ್ಮಲ್ಲಿ ಅವರ ಮನೆಯ ಇನ್ನೊಂದು ಬೀಗದಕೈ ಇದ್ದಿತು. ಹೋಗಿ ನೋಡಿದರೆ ಅಡಿಗೆಮನೆಯಲ್ಲಿ ನೆಲದ ಮೇಲೆ ಬಿದ್ದಿದ್ದರು. ಪ್ರಜ್ಞೆಯಿತ್ತು; ಬಲಗೈ ಬಲಗಾಲುಗಳಲ್ಲಿ ಶಕ್ತಿಯಿರಲಿಲ್ಲ; ಮಾತಿರಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ‘ಅಫೇಸಿಯಾ’ ಎಂದರು. ಆ ಪದ ನನಗೆ ಹೊಸದಲ್ಲ. ಮೂರನೆಯ ನೋಟುಪುಸ್ತಕದಲ್ಲಿ, ಒಂದು ಚಿಟ್ಟೆಯ ಹೆಸರಿಗೂ ಒಂದು ಬಗೆಯ ಟೋಪಿಯ ಹೆಸರಿಗೂ ನಡುವೆ, ಚಂದದ ಅಕ್ಷರದಲ್ಲಿ ಬರೆದಿಟ್ಟಿದ್ದೆ: ಗ್ರೀಕ್ ಮೂಲ, ಮಾತಿಲ್ಲದಿರುವಿಕೆ. ಅರ್ಥ ಬರೆದೂ ಆಗಿತ್ತು. ಅರ್ಥ ತಿಳಿದದ್ದು ಅಂದು. ೧೮೬೧ರಲ್ಲಿ ಪ್ಯಾರಿಸಿನ ಪಾಲ್ ಬ್ರೊಕಾ ಎಂಬ ವೈದ್ಯರು ಇಂತಹ ಒಬ್ಬ ರೋಗಿಯನ್ನು ಪರೀಕ್ಷಿಸಿದ್ದರು. ಆತನು ಏನು ಹೇಳಹೊರಟರೂ ಬಾಯಿಂದ ‘ಟಾನ್’ ಎಂಬ ಒಂದೇ ಸದ್ದು ಹೊರಡುತ್ತಿತ್ತು. ಮಿದುಳಿನ ಎಡಗಡೆಯ ಮುಂಭಾಗದಲ್ಲಿ ಪೆಟ್ಟಾದರೆ, ಎದುರಿನವರ ಮಾತು ಬಹುಮಟ್ಟಿಗೆ ತಿಳಿಯುತ್ತದೆ, ಹೇಳಬೇಕಾದುದೂ ಮನಸ್ಸಿನಲ್ಲಿರುತ್ತದೆ, ಪದ ಮಾತ್ರ ಕೈಗೆ ಸಿಕ್ಕುವುದಿಲ್ಲ. ಟೀಚರಿಗೆ ಉಳಿದಿದ್ದುದು ‘ವೆಲ್’ ಎಂಬ ಒಂದೇ ಪದ. ಸಂತೋಷಕ್ಕೂ ‘ವೆಲ್’, ನೋವಿಗೂ ‘ವೆಲ್’. ನನ್ನನ್ನು ಕಂಡೊಡನೆ ಕಣ್ಣು ತುಂಬಿ, ಎಡಗೈಯನ್ನು ಚಾಚಿ, “ವೆಲ್… ವೆಲ್… ವೆಲ್…” ಎಂದರು.

ಅವರ ಮಗಳು ಕ್ಯಾಲಿಫೋರ್ನಿಯದಿಂದ ಓಡಿ ಬಂದರು. ಅವರ ಮುಂದೆ ನಿಂತು ಏನಾದರೊಂದು ಸಮಾಧಾನ ಹೇಳಬೇಕಾಗಿತ್ತು. ಹನ್ನೊಂದು ನೋಟುಪುಸ್ತಕಗಳ ಒಡೆಯನಾದ ನನಗೆ ಒಂದು ಪದವೂ ಹೊಳೆಯಲಿಲ್ಲ. ಪದದಜ್ಜಿಯಂತೆ ನಾನೂ ಬಾಯಿ ತೆರೆದು ಮುಚ್ಚಿದೆ.

ಮುಂದೆ ಪುನಶ್ಚೇತನ ಕೇಂದ್ರದಲ್ಲಿ ಮಾತು ಕಲಿಸುವ ಚಿಕಿತ್ಸಕಿ ನನಗೊಂದು ಕೆಲಸ ಒಪ್ಪಿಸಿದರು. ಚಿತ್ರದ ಚೀಟಿಗಳ ಒಂದು ಕಟ್ಟು: ಬಟ್ಟಲು, ಬೀಗದಕೈ, ನೀರು, ಮಳೆ, ಬಾಗಿಲು, ನಾಯಿ. ವಾರಕ್ಕೆ ಮೂರು ಸಂಜೆ ಚಿತ್ರ ತೋರಿಸಿ ಹೆಸರು ಹೇಳಿಸಬೇಕು. ಹೊಳೆಯದಿದ್ದರೆ ಮೊದಲ ಅಕ್ಷರದ ಸದ್ದನ್ನು ಮಾತ್ರ ಹೇಳಿಕೊಡಬೇಕು. ತೀರ್ಥಹಳ್ಳಿಯ ಕಡೆಯಿಂದ ಬಂದವನು, ಹುಟ್ಟು ಇಂಗ್ಲಿಷಿನ ಮೇಷ್ಟರಿಗೆ, ‘ಕ… ಕ…’ ಎಂದು ‘ಕಪ್’ ಕಲಿಸುವ ಕಾಲ ಬಂದಿತು! ‘ಜಾರ್ಫ್’ ಬಲ್ಲ ಇಬ್ಬರು ‘ಕಪ್’ ಎಂಬ ಪದಕ್ಕಾಗಿ ಹದಿನೇಳು ದಿನ ಬೆವರಿದೆವು. ಹದಿನೇಳನೆಯ ಸಂಜೆ ಅದು ಹೊರಬಂದಿತು. ಯಾವ ನಿಘಂಟಿನಲ್ಲಿಯೂ ಅಷ್ಟು ಅಪರೂಪದ ಪದವನ್ನು ನಾನು ಕಂಡಿರಲಿಲ್ಲ.

ಈ ರೋಗದ ಒಂದು ವಿಚಿತ್ರವೆಂದರೆ, ಕೇಳಿದ ಒಂದು ಪದವನ್ನು ಹೇಳಲಾರದವರು ಬಾಯಿಪಾಠವಾಗಿರುವ ಸಾಲನ್ನು ಹೇಳಬಲ್ಲರು. ಗುರುವಾರವೆಂದು ಹೇಳಿರೆಂದರೆ ಟೀಚರಿಗೆ ಆಗದು. ಆದರೆ ಭಾನುವಾರವೆಂದು ನಾನು ಆರಂಭಿಸಿಕೊಟ್ಟರೆ ಸೋಮವಾರ, ಮಂಗಳವಾರ ಎಂದು ಸರಸರನೆ ಇಳಿದು ಗುರುವಾರದ ಮೆಟ್ಟಿಲಿನಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು. ನಮ್ಮ ಶಾಲೆಯಲ್ಲಿ ಏಳೆಂಟಲ ಎಷ್ಟೆಂದರೆ ‘ಏಳೊಂದ್ಲ ಏಳು’ ಎಂಬಲ್ಲಿಂದಲೇ ಹೊರಡಬೇಕಾಗುತ್ತಿದ್ದ ನನಗೆ ಆ ದಾರಿ ಚೆನ್ನಾಗಿ ಗೊತ್ತಿತ್ತು. ಮಗ್ಗಿ ಹೇಳಿಸಿದಂತೆ ಹೇಳಿಸಿದೆ. ಹೊರಡುವಾಗ “ಮತ್ತೆ ಯಾವಾಗ ಬರಲಿ?” ಎಂದರೆ ಅವರು ಎಡಗೈಯ ಎರಡು ಬೆರಳೆತ್ತುತ್ತಿದ್ದರು. “ನಾಡಿದ್ದು” ಎಂದು ನಾನೇ ಹೇಳುತ್ತಿದ್ದೆ. ಅವರು ಅರ್ಧ ಮುಖದಲ್ಲಿ ನಗುತ್ತಿದ್ದರು.

ಮರುವರ್ಷ ಊರಿನಲ್ಲಿ ಅಮ್ಮ ಹೋದರು. ಹದಿನೈದು ದಿನ ಕಳೆದು ಹಿಂದಿರುಗಿ ಟೀಚರನ್ನು ನೋಡಲು ಹೋದೆ. ಅಷ್ಟು ಹೊತ್ತಿಗೆ ಅವರಿಗೆ ಐವತ್ತೋ ಅರವತ್ತೋ ಪದಗಳು ಮರಳಿದ್ದವು. ನನ್ನಾಕೆ ವಿಷಯವನ್ನು ಮೊದಲೇ ತಿಳಿಸಿದ್ದಳು. ನಾನು ಚೀಟಿಯ ಕಟ್ಟನ್ನು ಬಿಚ್ಚಹೋದೆ. ಅವರು ಎಡಗೈಯಿಂದ ತಡೆದರು. ಕಣ್ಣು ಮುಚ್ಚಿದರು. ತುಟಿ ನಡುಗಿತು. “ಸೋ…” ಎಂದು ಬಂದು ನಿಂತಿತು. ಗೋಡೆಯ ಗಡಿಯಾರದ ಸದ್ದು ಕೇಳುತ್ತಿತ್ತು. ಮೊದಲ ಸದ್ದನ್ನು ಹೇಳಿಕೊಡಬಹುದಾಗಿತ್ತು. ನನಗೆ ಕೊರಳು ಕಟ್ಟಿತ್ತು. ಎಷ್ಟೋ ಹೊತ್ತಿನ ಮೇಲೆ, ಬಾವಿಯ ಆಳದಿಂದ ಕೊಡವನ್ನು ಸೇದಿದಂತೆ, “…ಸಾರಿ” ಎಂದರು.

ಎಂಟು ವರ್ಷಗಳ ಹಿಂದೆ ಬಾಗಿಲಿನಲ್ಲಿ ನಿಂತು ಹೇಳಿದ್ದ ಅದೇ ಎರಡು ಪದ. ಅಂದು ಸವೆದ ನಾಣ್ಯವೆಂದು ನಾನು ಪಕ್ಕಕ್ಕಿಟ್ಟಿದ್ದೆ. ನಾಣ್ಯ ಸವೆಯುವುದೇಕೆ? ಸಾವಿರ ಕೈ ದಾಟಿದುದರಿಂದ. ಅಷ್ಟು ಮನೆಗಳಿಗೆ ಅಕ್ಕಿ ಬೇಳೆ ತಂದುದರಿಂದ. ಗಾಜಿನ ಪೆಟ್ಟಿಗೆಯಲ್ಲಿರುವ ಅಪರೂಪದ ನಾಣ್ಯದ ಮುಖ ಸ್ಪಷ್ಟವಾಗಿಯೇ ಇರುತ್ತದೆ; ಅದರಿಂದ ಒಂದು ಕಟ್ಟು ಸೊಪ್ಪು ಸಹ ಬಾರದು. ಕಿಟ್ಟೆಲರ ಧೈರ್ಯವೆಂದು ಟೀಚರು ಹೇಳಿದುದು ಇದನ್ನೇ. ಯಾರೂ ಆಡದ ಪದಗಳ ನಡುವೆ ಪರದೇಶಿಯಾಗಿ ಬಾಳುವುದು ಸುಲಭ, ಅಲ್ಲಿ ನಗುವವರಿಲ್ಲ. ಎಲ್ಲರೂ ಆಡುವ ಪದಗಳೊಳಗೆ ಹೆಜ್ಜೆಯಿಡಲು, ತಪ್ಪಿ ನಗೆಗೀಡಾಗಲು, ಎದೆ ಬೇಕು.

೨೦೧೮ರಲ್ಲಿ ಮಗಳು ಅವರನ್ನು ಕ್ಯಾಲಿಫೋರ್ನಿಯಕ್ಕೆ ಕರೆದೊಯ್ದರು. ಕಾರು ಹೊರಟಾಗ ಕಿಟಕಿಯಲ್ಲಿ ಎರಡು ಬೆರಳು ಕಂಡವು. ಆ ನಾಡಿದ್ದು ಬರಲಿಲ್ಲ. ಮರುವರ್ಷ ಮಗಳಿಂದ ಒಂದು ಭಾರವಾದ ಪಾರ್ಸೆಲು ಬಂದಿತು: ಟೀಚರ ಸ್ವಂತದ ೧೯೬೧ರ ನಿಘಂಟು. ಜೊತೆಗೆ ನಾಲ್ಕು ಸಾಲಿನ ಪತ್ರ. ಆ ದಿನವಿಡೀ ನಾನು ಪುಸ್ತಕವನ್ನು ತೆರೆಯಲಿಲ್ಲ.

ತೆರೆದಾಗ ಕಂಡದ್ದು ಪೆನ್ಸಿಲಿನ ಗುರುತುಗಳು. ಹಳೆಯವು ನೇರವಾಗಿ, ಸಣ್ಣದಾಗಿ ಇದ್ದವು. ನಮ್ಮ ಶನಿವಾರದ ಪದಗಳ ಪಕ್ಕದಲ್ಲಿ. ಬೇರೆ ಕೆಲವು ವಕ್ರವಾಗಿ, ದೊಡ್ಡದಾಗಿ, ಎಳೆಯ ಮಕ್ಕಳು ಗೀಚಿದಂತಿದ್ದವು. ಅವು ಎಡಗೈಯ ಗುರುತುಗಳು. ಯಾವ ಪದಗಳ ಪಕ್ಕದಲ್ಲಿ ಎಂದು ನೋಡಿದೆ: ಬಟ್ಟಲು, ಬಾಗಿಲು, ಮಳೆ, ಗುರುವಾರ, ಮಗಳು, ಗೆಳೆಯ. ಮರಳಿ ಬಂದ ಒಂದೊಂದು ಪದಕ್ಕೂ ಅವರು ಒಂದೊಂದು ಗುರುತು ಹಾಕಿಕೊಂಡಿದ್ದರು. ನಾಲ್ಕೂವರೆ ಲಕ್ಷ ಪದಗಳ ಆ ಕಾಡಿನಲ್ಲಿ ನೂರ ಎಂಬತ್ತಮೂರು ವಕ್ರ ಗುರುತುಗಳನ್ನು ನಾನು ಎಣಿಸಿದೆ.

ಅಪರೂಪದ ಪದಗಳ ಮೇಲೆ ನನಗಿರುವ ಪ್ರೀತಿ ಹೋಗಿಲ್ಲ. ಹೋದರೆ ನಾನು ನಾನಾಗಿ ಉಳಿಯಲಾರೆ. ಆದರೆ ಹನ್ನೆರಡನೆಯ ನೋಟುಪುಸ್ತಕವನ್ನು ಬೇರೆಯ ಬಗೆಯಲ್ಲಿ ಆರಂಭಿಸಿದ್ದೇನೆ. ಅದರಲ್ಲಿ ದಿನಕ್ಕೊಂದು ಸಾಮಾನ್ಯವಾದ ಪದ. ಅಂದು ಅದನ್ನು ಯಾರಿಗೆ ಆಡಿದೆ ಎಂಬುದು ಅದರ ಮುಂದೆ. ಅಪ್ಪಯ್ಯ ಹೇಳಿದ ಬಡ್ಡಿ ಎಲ್ಲಿಂದ ಬರುವುದೆಂಬುದು ಈಗ ತಿಳಿಯುತ್ತಿದೆ. ಕೂಡಿಟ್ಟ ಪದಕ್ಕೆ ಬಡ್ಡಿಯಿಲ್ಲ; ಕೊಟ್ಟ ಪದಕ್ಕುಂಟು.

ಮೊನ್ನೆ ನನ್ನಾಕೆ ಈ ಹೊಸ ಪುಸ್ತಕವನ್ನು ತೆರೆದು, “ಇದೇನು, ‘ನೀರು’, ‘ಬಾ’, ‘ಊಟ ಆಯ್ತಾ’… ಇದರಲ್ಲಿ ಅಪರೂಪ ಏನಿದೆ?” ಎಂದಳು.

“ಕೊನೆಯದನ್ನ ನಿನಗೇ ಹೇಳೋಣ ಅಂತ ಬರೆದಿಟ್ಟೆ” ಎಂದೆ. “ಆಯ್ತಾ?”

“ನಿಮ್ಮದಾಗದೆ ನನ್ನದು ಹ್ಯಾಗೆ ಆಗತ್ತೆ? ಏಳಿ, ಎಲೆ ಹಾಕಿದೇನೆ” ಎಂದಳು.